ಐದು ನಿಮಿಷ ಹಿಂದಿದ್ದ ಗಡಿಯಾರ

ನೀಲವ್ವ, ನಿನ್ನ ಬಲಗೈಯ ಎರಡು ಬೆರಳು ಹೋದದ್ದು ನಿನ್ನ ತಪ್ಪಿನಿಂದಲ್ಲ. ನಿನ್ನ ಶೆಡ್ಡಿನ ಗಡಿಯಾರ ಐದು ನಿಮಿಷ ಹಿಂದಿತ್ತು. ಅದು ಹಿಂದೆ ಬೀಳುತ್ತದೆಂದು ಎರಡು ತಿಂಗಳಿಂದ ನನಗೆ ಗೊತ್ತಿತ್ತು. ಗೊತ್ತಿದ್ದೂ — ವಿಚಾರಣೆಯ ದಿನ ಎಲ್ಲರೆದುರು ಸುಳ್ಳು ಹೇಳಿದೆ.

ಎಪ್ಪತ್ತರ ದಶಕದ ಕೊನೆಯ ಮಾತು. ಇಳಕಲ್ಲಿನ ಹೊರಗಿದ್ದ ಆ ನೂಲಿನ ಗಿರಣಿಯಲ್ಲಿ ನಾನು ಕರೆಂಟಿನ ಕೆಲಸದವನು, ನೀನು ಹರಿದ ಎಳೆ ಕೂಡಿಸುವವಳು. ಆಫೀಸಿನಲ್ಲೊಂದು ದೊಡ್ಡ ಗಡಿಯಾರ. ಅದರಿಂದ ತಂತಿ ಎಳೆದು ಇಂಜಿನ್ ಮನೆಗೆ, ಶೆಡ್ಡುಗಳಿಗೆ, ಗೇಟಿಗೆ ಒಂದೊಂದು ಗಡಿಯಾರ. ನಿಮಿಷಕ್ಕೊಮ್ಮೆ ದೊಡ್ಡದು ಕರೆಂಟು ಕಳಿಸಿದರೆ ಉಳಿದವುಗಳ ಮುಳ್ಳು ಒಟ್ಟಿಗೇ ಒಂದು ನಿಮಿಷ ಮುಂದೆ ಜಿಗಿಯಬೇಕು. ಇವು ಬಂದ ಮೇಲೆ ಗಿರಣಿಯಲ್ಲಿ ಗಂಟೆ ಹೊಡೆಯುವುದನ್ನೇ ನಿಲ್ಲಿಸಿದರು. ಎರಡು ಹತ್ತಕ್ಕೆ ಯಂತ್ರ ನಿಲ್ಲುವುದು, ಹಲ್ಲುಗಾಲಿಗಳಿಗೆ ಸಿಕ್ಕ ಹತ್ತಿಯನ್ನು ನೀವು ತೆಗೆಯುವುದು, ಎರಡು ಇಪ್ಪತ್ತಕ್ಕೆ ಇಂಜಿನ್ ಮನೆಯವರು ಮತ್ತೆ ಚಾಲೂ ಮಾಡುವುದು — ಎಲ್ಲ ಗಡಿಯಾರ ನೋಡಿಯೇ.

ನಿನಗೆ ಗಡಿಯಾರ ಓದಲು ಕಲಿಸಿದವನು ನಾನೇ. ನೆಲದ ಮೇಲೆ ಸುಣ್ಣದಲ್ಲಿ ದುಂಡಗೆ ಗೆರೆ ಎಳೆದು, ಎರಡು ಕಡ್ಡಿ ಇಟ್ಟು, ನಾಲ್ಕು ದಿನ, ಊಟದ ಹೊತ್ತಿನಲ್ಲಿ. ಐದನೆಯ ದಿನ ನೀನು ನನ್ನನ್ನು ಹುಡುಕಿಕೊಂಡು ಬಂದೆ.

"ಅಣ್ಣಾ, ಈಗ ಒಂದಕ್ಕ ಐದು ಕಡಿಮಿ. ಹೌದಿಲ್ಲ?"

ಹೌದಾಗಿತ್ತು. ಅಂದಿನಿಂದ ಶೆಡ್ಡಿನ ಹೆಂಗಸರಿಗೆಲ್ಲ ಟೈಮ್ ಹೇಳುವವಳು ನೀನೇ ಆದೆ. ನಿನ್ನ ಆ ಜಂಬ ನೋಡಿ ನನಗೆ ನಗು ಬರುತ್ತಿತ್ತು.

ನಿನ್ನ ಶೆಡ್ಡಿನ ತಂತಿಯಲ್ಲಿ ಎಲ್ಲೋ ಒಂದು ಜೋಡಣೆ ಸಡಿಲಾಗಿತ್ತು. ಯಂತ್ರದ ನಡುಕಕ್ಕೆ ಒಮ್ಮೊಮ್ಮೆ ಕರೆಂಟು ಮುಟ್ಟುತ್ತಿರಲಿಲ್ಲ, ಮುಳ್ಳು ಇದ್ದಲ್ಲೇ ಉಳಿಯುತ್ತಿತ್ತು. ಹುಡುಕಬೇಕೆಂದರೆ ಕಾದ ತಗಡಿನ ಕೆಳಗೆ, ಹತ್ತಿಯ ದೂಳಿನಲ್ಲಿ, ತೊಲೆಯಿಂದ ತೊಲೆಗೆ ತೆವಳಬೇಕು. ಒಂದು ದಿನದ ಕೆಲಸ. ನನ್ನ ಮೈಗಳ್ಳತನಕ್ಕೆ ಅದೂ ದೊಡ್ಡದಾಯಿತು. ದಿನಾ ಬೆಳಿಗ್ಗೆ ರೇಡಿಯೋಕ್ಕೆ ಕೈಗಡಿಯಾರ ಹೊಂದಿಸಿಕೊಂಡು ಬಂದು, ಏಣಿ ಹಾಕಿ, ಆ ಮುಳ್ಳನ್ನು ಬೆರಳಿನಿಂದ ಮುಂದೆ ತಳ್ಳಿಬಿಡುತ್ತಿದ್ದೆ. ಮಧ್ಯಾಹ್ನ ಮತ್ತೊಮ್ಮೆ ನೋಡಬೇಕಿತ್ತು. ನೋಡದೆಯೇ ರಿಜಿಸ್ಟರಿನಲ್ಲಿ 'ಎಲ್ಲ ಸರಿ' ಎಂದು ಬರೆಯುತ್ತಿದ್ದೆ.

ದಿನವೂ ಒಂದೆರಡು ನಿಮಿಷ ಹಿಂದೆ ಬೀಳುತ್ತಿದ್ದದ್ದು ಆ ದಿನ ಐದು ನಿಮಿಷ ಬಿದ್ದಿತ್ತು. ಇಂಜಿನ್ ಮನೆಯಲ್ಲಿ ಎರಡು ಇಪ್ಪತ್ತು. ನಿನ್ನ ತಲೆಯ ಮೇಲೆ ಎರಡು ಹದಿನೈದು. ಉಳಿದವರು ಕೈ ತೆಗೆದಿದ್ದರು. ನೀನು ಇನ್ನೂ ಟೈಮ್ ಐತಿ ಎನ್ನುತ್ತ ಕೊನೆಯ ಗಾಲಿಗೆ ಕೈ ಹಾಕಿದ್ದೆ.

ಎಲ್ಲರೂ ನಿನ್ನನ್ನು ಎತ್ತಿಕೊಂಡು ದವಾಖಾನೆಗೆ ಓಡಿದರು. ನಾನು ಓಡಲಿಲ್ಲ. ಖಾಲಿ ಶೆಡ್ಡಿನಲ್ಲಿ ಏಣಿ ಹಾಕಿ ಮುಳ್ಳನ್ನು ಐದು ನಿಮಿಷ ಮುಂದೆ ತಳ್ಳಿದೆ. ಇಳಿದಾಗ ಅಂಗಾಲಿಗೆ ನಿನ್ನ ರಕ್ತ ಹತ್ತಿತು. ಹತ್ತಿಯಿಂದ ಒರೆಸಿಕೊಂಡೆ — ಅಲ್ಲಿ ಹತ್ತಿಗೇನು ಬರ.

ಎಂಟು ದಿನದ ಮೇಲೆ ವಿಚಾರಣೆ. ಕೈಗೆ ಪಟ್ಟಿ ಸುತ್ತಿಕೊಂಡು, ಜ್ವರದ ಮುಖ ಹೊತ್ತು ನೀನು ಬಂದಿದ್ದೆ.

"ಎರಡು ಹದಿನೈದ ಆಗಿತ್ರಿ ಸಾಹೇಬ್ರ. ಖರೇನ ಹೇಳ್ತೇನ್ರಿ."

ಮ್ಯಾನೇಜರ್ ನನ್ನ ಕಡೆ ತಿರುಗಿದರು. ನನ್ನ ಬಾಯಿಂದ ಬಂದದ್ದು ಇಷ್ಟು:

"ಗಡಿಯಾರ ಎಲ್ಲಾ ಒಂದ ಟೈಮ್ ತೋರಸ್ತಾವ್ರಿ. ಆಕಿಗೆ ಓದಾಕ ಬರೂದಿಲ್ರಿ."

ಪರೀಕ್ಷೆ ಮಾಡೋಣ ಎಂದು ಅವರು ಸ್ಟೋರಿನಿಂದ ಹಳೆಯ ಗಡಿಯಾರ ತರಿಸಿದರು. ಮುಳ್ಳು ತಿರುಗಿಸಲು ನನಗೇ ಹೇಳಿದರು. ನಾನು ತಿರುಗಿಸಿಟ್ಟದ್ದು — ಒಂದಕ್ಕೆ ಐದು ಕಡಿಮೆ. ನೀನು ಗಡಿಯಾರ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದೆ. ಆಮೇಲೆ "ಹನ್ನೊಂದೂ ಐದು" ಎಂದೆ. ದೊಡ್ಡ ಮುಳ್ಳು, ಸಣ್ಣ ಮುಳ್ಳು ನಿನಗೆ ಅದಲುಬದಲಾಗಿದ್ದವು. ಎಲ್ಲರೂ ನಕ್ಕರು. ನಾನೂ ನಕ್ಕೆ. ಸುಳ್ಳು ಹೇಳಿದ್ದು ನೌಕರಿಯ ಹೆದರಿಕೆಗೆ ಎನ್ನಬಹುದು. ನಕ್ಕದ್ದು? ಅದಕ್ಕೆ ಏನೆನ್ನಲಿ — ಆ ಗಳಿಗೆಯಲ್ಲಿ ನನಗೆ ನಿಜಕ್ಕೂ ಹಗುರವಾಗಿತ್ತು.

ತಪ್ಪು ನಿನ್ನದೇ ಎಂದು ಬರೆದು ನಿನ್ನನ್ನು ಗಿರಣಿಯಿಂದ ತೆಗೆದರು. ನೀನು ಮನೆಯಲ್ಲಿ ಮಾಡುತ್ತಿದ್ದ, ಸೀರೆಯ ಒಡಲಿನ ಉದ್ದ ನೂಲಿಗೆ ಸೆರಗಿನ ನೂಲನ್ನು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವ ಕೆಲಸವೂ ಆ ಬೆರಳುಗಳ ಜೊತೆಗೇ ಹೋಯಿತು. ಹೊರಡುವ ದಿನ ಗೇಟಿನಲ್ಲಿ ನನ್ನನ್ನು ನಿಲ್ಲಿಸಿ, "ನೀ ಚಲೋನ ಕಲಿಸಿದ್ದಿ ಅಣ್ಣಾ. ನನ್ನ ತಲಿಗೆ ಹತ್ತಲಿಲ್ಲ" ಎಂದೆ. ನೀನು ಬೈದಿದ್ದರೆ ಮರೆಯುತ್ತಿದ್ದೆನೇನೋ.

ಮರುದಿನ ತೊಲೆ ಹತ್ತಿ ಸಡಿಲ ಜೋಡಣೆ ಹುಡುಕಿದೆ. ಒಂದು ದಿನವೂ ಬೇಕಾಗಲಿಲ್ಲ, ಅರ್ಧ ತಾಸಿನಲ್ಲಿ ಸಿಕ್ಕಿತು.

ಕಳೆದ ವಾರ ಹುನಗುಂದದ ಬಸ್ ನಿಲ್ದಾಣದಲ್ಲಿ ನೀನು ಸಿಕ್ಕೆ. ನಿನ್ನ ನೆತ್ತಿಯ ಮೇಲೇ ಗಡಿಯಾರ ತೂಗುತ್ತಿತ್ತು. ನೀನು ಅದರತ್ತ ಕಣ್ಣೆತ್ತದೆ, "ಟೈಮ್ ಎಷ್ಟಾತಣ್ಣಾ?" ಎಂದು ನನ್ನನ್ನು ಕೇಳಿದೆ. ಪಕ್ಕದಲ್ಲಿದ್ದ ನಿನ್ನ ಮಗಳು ನಕ್ಕು, "ನಮ್ಮವ್ವಗ ಗಡಿಯಾರ ತಿಳಿಯೂದಿಲ್ರಿ" ಎಂದಳು. ನೀನೂ ನಕ್ಕೆ. ನಾನು ಟೈಮ್ ಹೇಳಿ ಬಸ್ಸು ಹತ್ತಿದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾನೇ ನಿನ್ನ ಮನೆಗೆ ತಂದು, ನಿನ್ನ ಮಗಳ ಎದುರಿಗೆ ಓದುತ್ತೇನೆ. ಕ್ಷಮಿಸು ಎಂದು ಇದರಲ್ಲಿ ಬರೆದಿಲ್ಲ, ಕೇಳುವ ಮುಖವಿಲ್ಲ. ಆ ದಿನ ಗಡಿಯಾರದಲ್ಲಿ ಎರಡು ಹದಿನೈದೇ ಆಗಿತ್ತು, ನೀಲವ್ವ. ನೀನು ಸರಿಯಾಗಿಯೇ ಓದಿದ್ದೆ.