ಗುಂಡಿ ಯಂತ್ರವನ್ನು ಬದುಕಿಸಿದ ದೊಡ್ಡಕ್ಕ

ಕಳೆದ ತಿಂಗಳ ಕೊನೆಯ ದಿನ, ಸಂಜೆ ಐದೂವರೆಗೆ, ನಗರ ವಸ್ತುಸಂಗ್ರಹಾಲಯದ ಕಸುಬು ವಿಭಾಗದ ಮುಖ್ಯಸ್ಥೆ ಸೇವೆಯಿಂದ ನಿವೃತ್ತರಾದರು. ಕಾವಲುಗಾರರಿಂದ ನಿರ್ದೇಶಕರವರೆಗೆ ಎಲ್ಲರಿಗೂ ಅವರು ‘ದೊಡ್ಡಕ್ಕ’. ಉಳಿದವರು ನಗರದ ಚರಿತ್ರೆಯನ್ನು ಗಿರಣಿ ಮಾಲೀಕರ ತೈಲಚಿತ್ರಗಳಲ್ಲಿ ಹುಡುಕುತ್ತಿದ್ದಾಗ, ಅದನ್ನು ಕೊಡೆ, ಬೀಗ, ಕುಂಚ ಮಾಡುವವರ ಓಣಿಗಳಲ್ಲಿ ಹುಡುಕಿದವರು ಅವರು. ಕಸುಬುದಾರರ ಪಕ್ಕ ಕೂತು ಕೆಲಸ ನೋಡದೆ ಒಂದು ಉಳಿಯನ್ನೂ ಅವರು ಸಂಗ್ರಹಕ್ಕೆ ತಂದವರಲ್ಲ.

ಅವರ ಸೇವೆಯ ಮೊದಲ ವರ್ಷಗಳಲ್ಲೇ ಕೊಂಬಿನಿಂದ ಅಂಗಿ ಗುಂಡಿ ಮಾಡುತ್ತಿದ್ದ ನಗರದ ಕೊನೆಯ ಕಾರ್ಖಾನೆ ಮುಚ್ಚಿತು. ಪ್ಲಾಸ್ಟಿಕ್ ಬಂದ ಮೇಲೆ ಕೊಂಬನ್ನು ಕೇಳುವವರಿರಲಿಲ್ಲ. ಗುಜರಿಯವನು ಬಾಗಿಲಲ್ಲಿ ನಿಂತಿದ್ದರೂ ಕಾರ್ಖಾನೆಯ ಮುದುಕ ಯಜಮಾನರು ಗುಂಡಿ ಒತ್ತುವ ತಮ್ಮ ಕೈಯಂತ್ರವನ್ನು ಸಂಗ್ರಹಾಲಯಕ್ಕೆ ಕೊಡಲು ಒಪ್ಪಲಿಲ್ಲ.

“ಗಾಜಿನೊಳಗೆ ಇಟ್ರೆ ಅದು ಹೆಣಾನೇ ಅಲ್ವೇನಮ್ಮ? ಅದಕ್ಕಿಂತ ಗುಜರಿನೇ ವಾಸಿ.”

ವಾರಕ್ಕೊಮ್ಮೆ ಅವರ ಕೈಯಲ್ಲೇ ಯಂತ್ರ ನಡೆಯುತ್ತದೆಂದು ದೊಡ್ಡಕ್ಕ ಮಾತು ಕೊಟ್ಟರು. ಸಂಗ್ರಹದ ವಸ್ತುವನ್ನು ಯಾರೂ ಮುಟ್ಟಬಾರದೆಂಬ ನಿಯಮವನ್ನು ಸಡಿಲಿಸಲು ನಿರ್ದೇಶಕರ ಹೊಸ್ತಿಲು ಸವೆಸಿದರು.

ಪ್ರದರ್ಶನದ ಮೊದಲ ದಿನ ಯಂತ್ರ ಥಳಥಳಿಸುತ್ತಿತ್ತು. ಯಜಮಾನರು ಕೊಂಬಿನ ಬಿಲ್ಲೆಯಿಟ್ಟು ಹಿಡಿಕೆ ಒತ್ತಿದರು, ಬಿಲ್ಲೆ ಸೀಳಿತು. ಇನ್ನೊಂದೂ ಸೀಳಿತು. ಗುಂಪಿನಲ್ಲಿ ಯಾರೋ, ಯಂತ್ರದ ಜೊತೆ ಅಜ್ಜನನ್ನೂ ಗಾಜಿನೊಳಗೆ ಇಡಬಹುದೆಂದು ನಕ್ಕರು. ಯಜಮಾನರ ಮುಖ ಸಣ್ಣದಾಯಿತು.

“ನನ್ನ ಕೈ ಹೋಯ್ತಮ್ಮ. ಸುಮ್ನೆ ಕರ್ಕೊಂಡ್ ಬಂದ್ರಿ,” ಎನ್ನುತ್ತಾ ಎದ್ದರು.

ದೊಡ್ಡಕ್ಕ ಅವರನ್ನು ತಡೆದು, ಮೊಣಕಾಲೂರಿ, ಹಿಡಿಕೆಯ ಕೆಳಗೆ ಬೆರಳಾಡಿಸಿದರು. ಕಾರ್ಖಾನೆಯಲ್ಲಿ ಕೂತು ನೋಡಿದ ದಿನಗಳಲ್ಲಿ ಅಲ್ಲೊಂದು ಎಣ್ಣೆ ಕುಡಿದ ಚರ್ಮದ ಚೂರು ಅವರ ಕಣ್ಣಿಗೆ ಬಿದ್ದಿತ್ತು. ಪೆಟ್ಟನ್ನು ಮೆತ್ತಗಾಗಿಸುತ್ತಿದ್ದುದೇ ಅದು. ಯಂತ್ರ ತೊಳೆದ ಸಿಬ್ಬಂದಿ ಅದನ್ನು ಕೊಳೆಯೆಂದು ಕಿತ್ತೆಸೆದಿದ್ದರು.

“ನಿಮ್ಮ ಕೈ ನೆಟ್ಟಗಿದೆ ಯಜಮಾನ್ರೇ. ಕೆಡಿಸಿದ್ದು ನಾವು,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ ದೊಡ್ಡಕ್ಕ, ಹೆಗಲಿನ ಚೀಲ ತೆಗೆದು ಅದರ ಚರ್ಮದ ಪಟ್ಟಿಯನ್ನು ಮುಂದೆ ಹಿಡಿದರು. “ಎಷ್ಟು ಬೇಕೋ ಕತ್ತರಿಸ್ಕೊಳ್ಳಿ.”

“ಹೊಸ ಚೀಲ ಕಣಮ್ಮ.”

“ಹಳೇದಾಗುತ್ತೆ ಬಿಡಿ.”

ಮುಂದಿನ ಗುಂಡಿ ಇಡಿಯಾಗಿ ಬಂತು. ಯಜಮಾನರು ಅದನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಕೂತರು. ಕಣ್ಣು ಮಂಜಾಗುವವರೆಗೂ ವಾರವಾರ ಬಂದರು. ಈಗ ಅವರ ಮಗಳು ಬರುತ್ತಾರೆ. ಯಾವುದು ಕೊಳೆ ಎಂಬುದನ್ನು ಕಸುಬುದಾರರನ್ನೇ ಕೇಳದೆ ಒರೆಸುಬಟ್ಟೆ ಎತ್ತಬಾರದೆಂಬುದು ಅಂದಿನಿಂದ ವಿಭಾಗದ ನಿಯಮ.

ಈ ಕಸುಬುಗಳಿಗಿಂತ ಹೆಚ್ಚು ಕಾಲ ಬಾಳಿ ಎಂದು ಹಾರೈಸಿದರೆ ದೊಡ್ಡಕ್ಕ ಒಪ್ಪುವುದಿಲ್ಲ. ಅವುಗಳ ಜೊತೆಜೊತೆಗೇ ಬಹುಕಾಲ, ಆರೋಗ್ಯದಿಂದ, ಕೆಲಸ ಮಾಡುತ್ತ ಬಾಳಲಿ. ನಿವೃತ್ತಿಯ ಮರುದಿನ ಬೆಳಿಗ್ಗೆ ಅವರು ತಕ್ಕಡಿ ಮಾಡುವವರ ಓಣಿಗೆ ಹೋದರು. ಅಲ್ಲೊಂದು ಅಂಗಡಿ ಮುಚ್ಚುವುದರಲ್ಲಿದೆ.