ಕೀಟೋದ ಬಿಸಿಲಿನ ಬದಿ

“ನಿಮ್ಮ ಅಣ್ಣ ನಮ್ಮ ಗುಂಪಿನಲ್ಲಿ ಸೇರುವುದುಂಟಾ? ಅದು ಆಗುವ ಮಾತಲ್ಲ” ಎಂದವರು ಜೆಸಿಂತಾ ಅಕ್ಕ. ಕೆಟ್ಟವರೇನಲ್ಲ. ದೋಹಾದಲ್ಲಿರುವ ನಮ್ಮ ಕರಾವಳಿಯವರ ಪ್ರವಾಸಗಳೆಲ್ಲ ನಡೆಯುವುದೇ ಅವರಿಂದ. ಆ ಸಲ ದಕ್ಷಿಣ ಅಮೆರಿಕ ಎಂದು ನಿಶ್ಚಯವಾದಾಗ ನಾನು ಎರಡು ಹೆಸರು ಕೊಟ್ಟಿದ್ದೆ, ನನ್ನದು ಮತ್ತು ಅಣ್ಣನದು. “ನಾವೆಲ್ಲ ಆಫೀಸಿನವರು. ಅವರಿಗೇ ಮುಜುಗರ ಆಗ್ತದೆ, ನೋಡಿ” ಎಂದರು.

ಇದೆಲ್ಲ ನೆನಪಾದದ್ದು ನಿನ್ನೆ, ದೋಹಾದ ಐನ್ ಖಾಲಿದ್‌ನಲ್ಲಿ ಕಾರು ನಿಲ್ಲಿಸಿ ಅಂಗಡಿಗೆ ಹೋಗುವಾಗ. ಗೋಡೆಯ ಬುಡದಲ್ಲಿ ಅಂಗೈ ಅಗಲದ ನೆರಳಿತ್ತು. ನಾನು ಹಲ್ಲಿಯ ಹಾಗೆ ಅದಕ್ಕೆ ಅಂಟಿಕೊಂಡು ಓರೆಯಾಗಿ ನಡೆಯುತ್ತಿದ್ದೆ. ನೀವು ಗಲ್ಫಿನಲ್ಲಿ ಒಂದು ಬೇಸಿಗೆ ಕಳೆದಿದ್ದರೆ ನಿಮಗೂ ಈ ನಡಿಗೆ ಬಂದಿರುತ್ತದೆ.

ಅಣ್ಣ ಸದಾಶಿವ ಇಲ್ಲಿ ಸ್ಕ್ಯಾಫೋಲ್ಡಿಂಗ್, ಅಂದರೆ ಕಟ್ಟಡ ಏಳುವಾಗ ಸುತ್ತ ನಿಲ್ಲಿಸುವ ಕಬ್ಬಿಣದ ಅಟ್ಟಣೆ, ಕಟ್ಟುವವನು. ದೋಹಾದ ಎತ್ತರದ ಕಟ್ಟಡಗಳಿಗೆ ಗಾಜು ಕೂರುವ ಮೊದಲೇ ಅವನು ಅವುಗಳ ನೆತ್ತಿ ನೋಡಿದ್ದಾನೆ. ಏಳನೆಯದಕ್ಕೆ ಶಾಲೆ ಬಿಟ್ಟ. ನಾನು ಹಗಲು ಗೇರುಬೀಜದ ಫ್ಯಾಕ್ಟರಿ, ಸಂಜೆ ಕಾಲೇಜು ಎಂದು ಓದಿ, ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲಿಗಳಾದೆ. ಹೇಳಿಕೊಳ್ಳಲಿಕ್ಕೆ ನನಗೆ ಯಾವ ನಾಚಿಕೆಯೂ ಇಲ್ಲ. ಬೇಕಾದರೆ ಇನ್ನೊಮ್ಮೆ ಹೇಳುತ್ತೇನೆ. ಆದರೆ ಅಣ್ಣ ರಜೆ ಎಂದರೆ ಊರು, ಊರು ಎಂದರೆ ಮನೆಯ ಹಂಚಿನ ಮಾಡು ರಿಪೇರಿ ಎಂದುಕೊಂಡವನು. ಅವನು ಒಮ್ಮೆಯಾದರೂ ಬರೀ ನೋಡಲಿಕ್ಕೆಂದು ಎಲ್ಲಿಗಾದರೂ ಹೋಗಬೇಕು, ಎಲ್ಲರ ನಡುವೆ ಎಲ್ಲರ ಹಾಗೆ ನಿಲ್ಲಬೇಕು. ಇದು ನನ್ನ ಹಟ. ಅವನ ಹೆಸರು ಹಿಂದೆ ತೆಗೆದುಕೊಳ್ಳಲಿಲ್ಲ.

ಹೀಗೆ ನಾವು ಎಕ್ವಡಾರ್‌ನ ರಾಜಧಾನಿ ಕೀಟೋಗೆ ಬಂದು ಇಳಿದೆವು. ಬೆಟ್ಟಗಳ ನಡುವಿನ, ಆಕಾಶಕ್ಕೆ ಸಮೀಪದ ಊರು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಗೈಡ್ ಮಾರ್ತಾ ಮೊದಲೇ ಹೇಳಿದ್ದಳು, “ಇವತ್ತು ಯಾರಿಗೂ ಅವಸರವಿಲ್ಲ.” ಶುಕ್ರವಾರದ ರಜೆಯ ಪಿಕ್‌ನಿಕ್ಕಿಗೂ “ಯಲ್ಲಾ ಯಲ್ಲಾ, ಬೇಗ ಬೇಗ” ಎಂದು ಅಟ್ಟಿಸಿಕೊಂಡು ಹೋಗುವ ನಮ್ಮವರಿಗೆ ಇದು ಶಿಕ್ಷೆಯೇ.

ಜೆಸಿಂತಾ ಅಕ್ಕ ಹೇಳಿದ್ದು ನಿಜವಾಗುತ್ತದೆಯೋ ಎಂದು ಬೆಳಿಗ್ಗೆಯೇ ನನಗೆ ಅಳುಕು ಶುರುವಾಯಿತು. ಅಣ್ಣ ತಾನಾಗಿಯೇ ಎಲ್ಲರ ಚೀಲ ಹೊತ್ತುಕೊಂಡ. ಎಲ್ಲರ ಫೋಟೊ ತೆಗೆದ, ಒಂದರಲ್ಲೂ ತಾನಿಲ್ಲ.

“ನೀನೇನು ಕೆಲಸಕ್ಕೆ ಬಂದದ್ದಾ?” ಎಂದು ಕಿವಿಯಲ್ಲಿ ಗದರಿದೆ.

“ಕೈ ಖಾಲಿ ಇದ್ರೆ ನಂಗೆ ನಡೀಲಿಕ್ಕೇ ಬರುವುದಿಲ್ಲ ಮಾರಾಯ್ತಿ.”

ಹಳೇ ಪೇಟೆಯ ದೊಡ್ಡ ಚೌಕದಲ್ಲಿ ಒಂದು ತಮಾಷೆ ನಡೆಯಿತು. ಬಿಸಿಲು ಕಂಡದ್ದೇ ತಡ, ನಾವೆಲ್ಲ ಯಾರೂ ಹೇಳದೆ ನೆರಳಿನ ಬದಿಗೆ ಸರಿದು ಗೋಡೆಗೆ ಅಂಟಿ ಸಾಲಾಗಿ ನಿಂತೆವು. ದೋಹಾ ನಮ್ಮ ಕಾಲಿಗೆ ಕಲಿಸಿದ ಪಾಠ ಅದು. ಆದರೆ ಕೀಟೋದ ನೆರಳೆಂದರೆ ಫ್ರಿಜ್ಜಿನ ಬಾಗಿಲು ತೆರೆದ ಹಾಗೆ. ಹಲ್ಲು ಕಟಕಟ ಎನ್ನುತ್ತಿದ್ದರೂ ಒಬ್ಬರೂ ಜಾಗ ಬಿಡುವವರಿಲ್ಲ. ಅಣ್ಣ ಮಾತ್ರ ಎದುರು ಬದಿಯ ಬೆಂಚಿನಲ್ಲಿ, ಸುತ್ತ ಚೀಲಗಳನ್ನು ಇಟ್ಟುಕೊಂಡು, ಊರಿನ ಮುದುಕರ ಜೊತೆ ಬಿಸಿಲಿಗೆ ಮೈ ಕಾಯಿಸುತ್ತಿದ್ದ.

“ಸದಾಶಿವಾ, ನೆರಳಿಗೆ ಬನ್ನಿ! ತಲೆ ಸುಡ್ತದೆ!” ಜೆಸಿಂತಾ ಅಕ್ಕ ಕೂಗಿದರು.

“ನೀವು ನಡುಗುವುದು ಇಲ್ಲಿಗೆ ಕಾಣ್ತದೆ ಮೇಡಂ!”

ನಮ್ಮವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವರು ಜೆಸಿಂತಾ ಅಕ್ಕನೇ. ಚೌಕ ದಾಟಿ ಹೋಗಿ ಅವನ ಪಕ್ಕದಲ್ಲಿ ಧೊಪ್ಪನೆ ಕೂತರು. ಹಿಂದೆಯೇ ನಾವೂ ಹೋದೆವು.

“ಅಬ್ಬಾ, ಜೀವ ಬಂತು. ಇನ್ನು ಈ ಮೇಡಂ ಗೀಡಂ ಖಲಾಸ್. ಅಕ್ಕ ಅನ್ನಿ ಸಾಕು. ನನ್ನ ಚೀಲ ಕೊಡಿ ಇಲ್ಲಿ.”

ಆಮೇಲೆ ದಿನ ನಿಜವಾಗಿ ನಿಧಾನವಾಯಿತು. ಬಿಸಿ ಚಾಕೊಲೇಟಿನ ಲೋಟದೊಳಗೆ ಚೀಸ್ ತುಂಡು ಹಾಕಿಕೊಂಡು ಕುಡಿಯುವುದು ಆ ಊರಿನ ಕ್ರಮ. ನಾವು ಮೂಗು ಮುರಿದೆವು, ಅಣ್ಣ ಎರಡನೇ ಲೋಟ ತರಿಸಿದ. ಚಿನ್ನದ ಹೊದಿಕೆಯ ಇಗರ್ಜಿಯೊಳಗೆ ಎಲ್ಲರೂ ಬಲಿಪೀಠ ನೋಡಿದರೆ ಅವನು ಮಾಡು ನೋಡುತ್ತ, “ಇಷ್ಟೆತ್ತರಕ್ಕೆ ಆಗ ಹೇಗೆ ಹತ್ತಿದರೋ” ಎಂದ. ಜೆಸಿಂತಾ ಅಕ್ಕನಿಗೂ ಅದೇ ಸಂಶಯ ಹುಟ್ಟಿ, ಇಬ್ಬರೂ ಕತ್ತು ಮೇಲೆ ಮಾಡಿ ಬಹಳ ಹೊತ್ತು ವಾದ ಮಾಡಿದರು. ಬಿಸಿಲಿನ ಲೆಕ್ಕದಲ್ಲಿ ಮಾತ್ರ ಅಣ್ಣನೂ ಸೋತ. ದೋಹಾಕ್ಕೆ ಬಗ್ಗದ ಅವನ ಮೂಗು ಅಲ್ಲಿ ಒಂದೇ ದಿನಕ್ಕೆ ಸಿಪ್ಪೆ ಎದ್ದಿತು.

ಸಂಜೆ ಊರ ಹೊರಗೆ ಭೂಮಧ್ಯರೇಖೆಯ ಗೆರೆ ನೋಡಲಿಕ್ಕೆ ಹೋದೆವು. ಗೆರೆ ದಾಟಿದವರಿಗೆಲ್ಲ ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಹೆಸರು ಬರೆದು ಒಂದು ಸರ್ಟಿಫಿಕೇಟ್ ಕೊಡುತ್ತಾರೆ. ಅಣ್ಣ ರೂಢಿಯಂತೆ ಫೋನು ಹಿಡಿದು ಹಿಂದೆ ಸರಿದ.

“ನಂಗೆಂತಕ್ಕೆ ಅದು? ನೀವು ನಿಲ್ಲಿ, ನಾನು ತೆಗೀತೇನೆ.”

ಜೆಸಿಂತಾ ಅಕ್ಕ ಫೋನು ಕಿತ್ತುಕೊಂಡರು. “ಇವತ್ತು ನಾನು ತೆಗೆಯುವುದು. ಹೋಗಿ, ನಡುವಿಗೆ ನಿಲ್ಲಿ.”

ಮ್ಯೂಸಿಯಮ್ಮಿನ ಹುಡುಗಿ ಅವನ ಹೆಸರು ಕರೆದು, ಕೈ ಕುಲುಕಿ, ಸರ್ಟಿಫಿಕೇಟ್ ಕೊಟ್ಟಳು. ನಮ್ಮವರೆಲ್ಲ ಚಪ್ಪಾಳೆ ಹೊಡೆದರು. ಅಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದು ಓದಿದ, ತಿರುಗಿಸಿ ಬೆನ್ನು ನೋಡಿದ. ನನಗೆ ದೋಹಾದಲ್ಲಿ ಕೆಲಸವಾದಾಗ ನನ್ನ ಡಿಗ್ರಿ ಸರ್ಟಿಫಿಕೇಟಿನ ಬೆನ್ನಿಗೆ ಅದು ಅಸಲಿಯೆಂದು ಸೀಲಿನ ಮೇಲೆ ಸೀಲು ಹಾಕಿಸಲು, ಅದೇ ಅಟೆಸ್ಟೇಶನ್ನಿಗೆ, ಆಫೀಸಿನಿಂದ ಆಫೀಸಿಗೆ ಅಲೆದವನು ಅವನೇ. ಇದರ ಬೆನ್ನು ಖಾಲಿ ಇತ್ತು.

ನನ್ನ ಕೈಗೆ ಕೊಟ್ಟು ಹೇಳಿದ: “ನಿನ್ನದರ ಅಟೆಸ್ಟೇಶನ್ನಿಗೆ ನಾನು ಓಡಿದ್ದೆ ಮಾರಾಯ್ತಿ. ಇದಕ್ಕೆ ನೀನು ಓಡು.”