ಅಡವಿಯಪ್ಪ ಕಂಡ ಮಿಂಚು

ಗುಬ್ಬಿಯ ಪೇಟೆಬೀದಿಯಲ್ಲಿ ಅಡವಿಯಪ್ಪನ ಅಂಗಡಿ ಎಷ್ಟು ಅಗಲವೆಂದರೆ, ಅವನು ಒಳಗೆ ಕೂತರೆ ಗಿರಾಕಿ ಬೀದಿಯಲ್ಲೇ ನಿಲ್ಲಬೇಕು. ವಿಭೂತಿ ಗಟ್ಟಿ, ಶಿವದಾರ, ಊದುಬತ್ತಿ, ಇಷ್ಟಲಿಂಗ ಇಡುವ ಕರಡಿಗೆ, ಇಷ್ಟೇ ಸರಕು. ಕೊಳೆಯುವ ಭಯವಿಲ್ಲದ ಮಾಲು. ಬೇಗ ಸಾಗುವ ಭರವಸೆಯೂ ಇಲ್ಲದ ಮಾಲು. ಮಾಲಿಗೆ ತಕ್ಕ ಯಜಮಾನ. ಐವತ್ತು ದಾಟಿದ ವಯಸ್ಸು, ಚಿಕ್ಕಂದಿನಿಂದ ಮೂಗಿನ ಮೇಲೆ ಕೂತ ಸೋಡಾಬುಡ್ಡಿ ಕನ್ನಡಕ, ಯಾರು ಏನಂದರೂ ‘ಹೌದೌದು’ ಅನ್ನುವ ಬಾಯಿ. ಊರಿನ ಯಾವ ಸಭೆಯಲ್ಲೂ ಅವನನ್ನು ಮುಂದೆ ಕರೆದು ಕೂರಿಸಿದವರಿಲ್ಲ. ಹಿಂದೆ ಕೂತಿದ್ದಾನೆಂದು ಗಮನಿಸಿದವರೂ ಇಲ್ಲ.

ಒಂದು ಕೆಲಸವನ್ನು ಮಾತ್ರ ಅವನು ಯಾವತ್ತೂ ಅರೆಬರೆ ಮಾಡಿದವನಲ್ಲ. ಬೆಳಗ್ಗೆ ಮಿಂದು, ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಕೂತನೆಂದರೆ ನೋಟ ನೆಟ್ಟಲ್ಲಿಂದ ಕದಲದು. ಒಲೆಯ ಮೇಲೆ ಹಾಲು ಉಕ್ಕಿದರೂ ಅವನು ಆ ಕಡೆ ತಿರುಗುವುದಿಲ್ಲವೆಂದು ಹೆಂಡತಿ ಕರಿಬಸಮ್ಮ ಮೂವತ್ತು ವರ್ಷದಿಂದ ದೂರುತ್ತಲೇ ಬಂದಿದ್ದಳು.

೧೯೫೮ರ ಶ್ರಾವಣದಲ್ಲಿ ಒಂದು ಬೆಳಗ್ಗೆ ಹೀಗೆ ಕೂತಿದ್ದಾಗ ಬಲಗಣ್ಣಿನ ಅಂಚಿನಲ್ಲಿ ಫಳ್ಳನೆ ಮಿಂಚಿತು. ಕಿವಿಯ ಪಕ್ಕದಲ್ಲಿ ಯಾರೋ ಬೆಂಕಿಕಡ್ಡಿ ಗೀರಿದ ಹಾಗೆ. ರೆಪ್ಪೆ ಮುಚ್ಚಿ ತೆರೆದ. ಮತ್ತೆ ಮಿಂಚಿತು.

“ಶಿವಾ!” ಎಂದು ಅವನು ಕೂಗಿದ್ದು ಕೇಳಿ, ಹಿಟ್ಟು ತಿರುವುತ್ತಿದ್ದ ಕರಿಬಸಮ್ಮ ಕೋಲು ಹಿಡಿದುಕೊಂಡೇ ಓಡಿಬಂದಳು.

“ಏನಾಯ್ತ್ರೀ? ಚೇಳೇನಾದ್ರೂ ಕಡೀತಾ?”

“ಬೆಳಕು ಕಣೇ... ಲಿಂಗಯ್ಯ ಬೆಳಕು ತೋರಿಸ್ದ.”

ಕರಿಬಸಮ್ಮ ಲಿಂಗವನ್ನು ನೋಡಿದಳು, ಗಂಡನ ಮುಖ ನೋಡಿದಳು. ದೇವರ ವಿಷಯದಲ್ಲಿ ಅವಳಿಗೆ ಗಂಡನಿಗಿಂತ ಕಡಿಮೆ ಭಕ್ತಿಯೇನಿರಲಿಲ್ಲ. ಗಂಡನ ವಿಷಯದಲ್ಲಿ ಮಾತ್ರ ಸ್ವಲ್ಪ ಕಡಿಮೆ. “ಲಿಂಗ ನೋಡ್ದಾಗಷ್ಟೇ ಕಾಣ್ತದೋ, ಹಿತ್ಲಲ್ಲಿರೋ ಎಮ್ಮೆ ನೋಡ್ದಾಗ್ಲೂ ಕಾಣ್ತದೋ?” ಎಂದಳು.

“ಥೂ, ನಿನ್ ಬಾಯಿಗಿಷ್ಟು!” ಎಂದು ಅವನು ಬೈದ. ಆದರೆ ಪೂಜೆ ಮುಗಿಸಿ, ಯಾರೂ ಕಾಣದ ಹಾಗೆ ಹಿತ್ತಲಿಗೆ ಹೋಗಿ ಎಮ್ಮೆಯ ಮುಂದೆ ನಿಂತ. ಎಮ್ಮೆ ಮೆಲುಕು ಹಾಕುತ್ತಾ ಅವನನ್ನು ನೋಡಿತು. ಅವನು ಕಣ್ಣು ಹೊರಳಿಸಿದ. ಫಳ್ಳನೆ ಮಿಂಚಿತು.

ಒಳಗೆ ಬಂದವನು, “ಲಿಂಗ ನೋಡ್ದಾಗ ಮಾತ್ರ ಕಣೇ,” ಎಂದ. ಅವನ ಜೀವಮಾನದಲ್ಲಿ ಅದು ಮೊದಲನೆಯ ಸುಳ್ಳೇನಲ್ಲ, ವ್ಯಾಪಾರಸ್ಥ ತಾನೆ. ಆದರೆ ತನಗೆ ತಾನೇ ಹೇಳಿಕೊಂಡ ಮೊದಲನೆಯ ಸುಳ್ಳು.

ಎದುರುಸಾಲಿನ ಎಣ್ಣೆ ಅಂಗಡಿ ಸದಾಶಿವಯ್ಯನ ಕಿವಿಗೆ ಸುದ್ದಿ ಬಿತ್ತು. ಅವನ ಕಿವಿಗೆ ಬಿದ್ದ ಸುದ್ದಿಯೂ ಅವನ ಎಣ್ಣೆಯ ಹಾಗೆಯೇ. ಬಟ್ಟೆಗೆ ಒಂದು ತೊಟ್ಟು ತಾಕಿದರೆ ಅಂಗೈಯಗಲ ಹರಡುತ್ತದೆ. ಸಂಜೆಯೊಳಗೆ ಪೇಟೆಯೆಲ್ಲ ತುಂಬಿತು. ನಿನ್ನೆಯವರೆಗೆ “ಏನ್ಲಾ ಅಡವಿ” ಎನ್ನುತ್ತಿದ್ದ ಸದಾಶಿವಯ್ಯ ಅವತ್ತು ಬಾಗಿಲಲ್ಲಿ ಚಪ್ಪಲಿ ಬಿಟ್ಟು, “ಅಡವಿಯಪ್ಪನೋರೆ, ಶರಣಾರ್ಥಿ,” ಎಂದು ಕೈ ಮುಗಿದ. ಯಾರಿಗೆ ಹೇಳುತ್ತಿದ್ದಾನೆಂದು ಅಡವಿಯಪ್ಪ ಹಿಂದಕ್ಕೆ ತಿರುಗಿ ನೋಡಿದ.

ಆಮೇಲೆ ಜನ ಬಂದರು. ಬೆಳ್ಳಾವಿಯಿಂದ, ಗೂಳೂರಿನಿಂದ ಕೂಡ. ಬಂದವರು ಬರಿಗೈಯಲ್ಲಿ ಹೋಗಲಾರದೆ ಒಂದೊಂದು ಶಿವದಾರ ಕೊಂಡರು. ಅದೇ ನೂಲು, ಅದೇ ಗಂಟು. ಈಗ ಬೆಳಕು ಕಂಡವರ ಕೈಯ ಗಂಟು.

ನಾಲ್ಕನೆಯ ದಿನ ಕಣ್ಣ ಮುಂದೆ ಸಾಸಿವೆ ಎರಚಿದ ಹಾಗೆ ಕಪ್ಪು ಚುಕ್ಕಿಗಳು ತೇಲಿದವು. ಅಡವಿಯಪ್ಪ ಅಳುಕುತ್ತಲೇ ಹೇಳಿದ. ಸದಾಶಿವಯ್ಯನ ಬಳಿ ಉತ್ತರ ಸಿದ್ಧವಿತ್ತು. “ಮಾಯೆ ಉದುರ್ತಾ ಅದೆ. ಉದುರ್ಲಿ ಬುಡಿ.” ವಾರ ಕಳೆಯುವಷ್ಟರಲ್ಲಿ ಬಲಗಣ್ಣಿನ ಕೆಳಗಿನಿಂದ ಕಂಬಳಿ ಎಳೆದ ಹಾಗೆ ನೆರಳೊಂದು ಏರತೊಡಗಿತು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಬೆಳಕು ಕಂಡವನು ಕತ್ತಲೆ ಕಂಡೆನೆಂದು ಯಾವ ಬಾಯಲ್ಲಿ ಹೇಳಬೇಕು? ಕೊನೆಗೆ ಕರಿಬಸಮ್ಮನೇ ಕಂಡುಹಿಡಿದಳು. ಬಲಗಡೆ ಇಟ್ಟ ತಟ್ಟೆಯ ಅಂಚಿಗೆ ಕೈ ಹಾಕಿ ಅವನು ಸಾರು ಚೆಲ್ಲಿದ್ದ. “ಏಳಿ ಮೇಲೆ,” ಎಂದಳು. “ತುಮಕೂರಿಗೆ ಹೋಗೋಣ. ನಿಮ್ ಬೆಳಕೂ ಸಾಕು, ನಿಮ್ ಜನಾನೂ ಸಾಕು.”

ತುಮಕೂರಿನ ಕಣ್ಣಿನ ಡಾಕ್ಟರು ವೆಂಕಟೇಶಯ್ಯನವರು ಕಿಟಕಿ ಮುಚ್ಚಿ, ದೀಪ ಹಿಡಿದು, ಬಹಳ ಹೊತ್ತು ಕಣ್ಣಿನೊಳಗೆ ಬಗ್ಗಿ ನೋಡಿದರು.

“ಮಿಂಚು ಕಾಣಿಸ್ತಿತ್ತಾ?”

“ಹೂಂ ಸ್ವಾಮಿ.”

“ಯಾವತ್ತಿಂದ?”

“ಇಪ್ಪತ್ತಾರು ದಿನ ಆಯ್ತು.”

ಡಾಕ್ಟರು ದೀಪ ಆರಿಸಿದರು. “ಇಪ್ಪತ್ತಾರು ದಿನ ಏನ್ ಮಾಡ್ತಿದ್ರಿ?”

“ಮೆರವಣಿಗೆ,” ಎಂದಳು ಕರಿಬಸಮ್ಮ.

ಡಾಕ್ಟರು ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಹಳೆಯ ಸುಣ್ಣ ಹಕ್ಕಳೆ ಎದ್ದಿತ್ತು. “ಕಣ್ಣಿನ ಹಿಂಭಾಗದಲ್ಲಿ ತೆಳ್ಳನೆ ಪರದೆ ಇದೆ. ನೋಟ ಅನ್ನೋದು ಅದರದ್ದು. ಈ ಸುಣ್ಣದ ಥರ ಅದು ಎದ್ದು ಬಂದಿದೆ. ದಪ್ಪಗಾಜಿನ ಕನ್ನಡಕದವರಿಗೆ ಇದು ಹೆಚ್ಚು. ಮೊದಲು ಮಿಂಚು, ಆಮೇಲೆ ಚುಕ್ಕಿ, ಆಮೇಲೆ ನೆರಳು. ಮಿಂಚಿದ ಒಂದೆರಡು ದಿನದಲ್ಲೇ ಬಂದಿದ್ರೆ ಬೆಂಗಳೂರಿಗೆ ಕಳಿಸ್ತಿದ್ದೆ, ಅಂಟಿಸೋ ಪ್ರಯತ್ನ ಮಾಡೋರು. ಈಗ ಪೂರ್ತಿ ಸುತ್ತಿಕೊಂಡ್ಬಿಟ್ಟಿದೆ.” ಆಮೇಲೆ ಬೆರಳೆತ್ತಿ ಒಂದೊಂದೇ ಮಾತು ಬಿಡಿಸಿ ಹೇಳಿದರು. “ಎಡಗಣ್ಣು ಇನ್ನೂ ಇದೆ. ಅದರಲ್ಲಿ ಮಿಂಚಿತೋ, ಅವತ್ತೇ ಬಸ್ಸು ಹತ್ತಬೇಕು. ಪೂಜೆ, ಊಟ, ನೆಂಟರು, ಎಲ್ಲ ಆಮೇಲೆ.”

ಗುಬ್ಬಿಗೆ ಮರಳಿದ ಮೇಲೆ ಅಡವಿಯಪ್ಪ ನಿಜ ಹೇಳಬೇಕೆಂದೇ ಬಾಯಿ ತೆರೆದ. ಅಷ್ಟರಲ್ಲಿ ಸದಾಶಿವಯ್ಯ, “ದೊಡ್ಡ ಬೆಳಕು ನೋಡಿದ ಕಣ್ಣು, ಸಣ್ಣಪುಟ್ಟದ್ದು ಇನ್ ಬ್ಯಾಡ ಅಂತು. ಅಲ್ವೇ ಅಡವಿಯಪ್ಪನೋರೆ?” ಎಂದ. ಸುತ್ತ ಹತ್ತು ಜನ. ಅಡವಿಯಪ್ಪ ಅಭ್ಯಾಸಬಲದಿಂದ “ಹೌದೌದು” ಎಂದ.

ಅಂದಿನಿಂದ ಅವನ ಪೂಜೆಯ ಬಣ್ಣವೇ ಬದಲಾಯಿತು. ಹೊರಗೆ ನಿಂತವರು, ಎಂಥ ಏಕಾಗ್ರತೆ, ಕೈ ನಡುಗುತ್ತಿದೆ ನೋಡಿ ಎಂದು ಮೆಚ್ಚುತ್ತಿದ್ದರು. ನಡುಗುತ್ತಿದ್ದುದು ನಿಜ. ಲೋಕದ ಭಕ್ತರೆಲ್ಲ ಬೆಳಕು ಕೊಡು ಎಂದು ಬೇಡಿದರೆ, ಅವನೊಬ್ಬ ಲಿಂಗದ ಮುಂದೆ ಕೂತು, “ಬೆಳಕು ಬ್ಯಾಡ ತಂದೆ, ಇವತ್ತೊಂದಿನ ಬ್ಯಾಡ,” ಎಂದು ಬೇಡುತ್ತಿದ್ದ. ಪೂಜೆ ಮುಗಿದು ಏನೂ ಮಿಂಚದಿದ್ದರೆ ಅದೇ ಪ್ರಸಾದ.

ನಾಲ್ಕು ವರ್ಷ ಹೀಗೆ ಸಾಗಿತು. ೧೯೬೨ರ ಬೇಸಗೆಯಲ್ಲಿ ಕುಣಿಗಲ್ಲಿನ ಒಂದು ಮನೆಯವರು ಮಗುವಿಗೆ ಲಿಂಗಧಾರಣೆಯೆಂದು, ಬೆಳಕು ಕಂಡ ಹಿರಿಯರು ಬಂದು ಹರಸಬೇಕೆಂದು ಅವನನ್ನು ಕರೆಸಿಕೊಂಡರು. ಬೆಳಗ್ಗೆ ಕೆರೆಯ ಏರಿಯ ಮೇಲೆ ನಡೆದುಬರುತ್ತಿದ್ದಾಗ ಎಡಗಣ್ಣಿನ ಅಂಚಿನಲ್ಲಿ ಮಿಂಚಿತು. ನೀರಿನ ಮೇಲೆ ಬಿಸಿಲು ಹೊಳೆದದ್ದಿರಬೇಕು ಎಂದುಕೊಂಡ. ಕೆರೆಗೆ ಬೆನ್ನು ತಿರುಗಿಸಿ ನಿಂತ. ಮಿಂಚಿತು. ಕಣ್ಣು ಬಿಗಿಯಾಗಿ ಮುಚ್ಚಿದ. ಮುಚ್ಚಿದ ಕಣ್ಣೊಳಗೂ ಮಿಂಚಿತು.

ಆ ದಿನ ಅವನು ತಪ್ಪು ಮಾಡಲಿಲ್ಲ. ಅದನ್ನು ಹೇಳಲೇಬೇಕು. ಮಗುವನ್ನು ಮಡಿಲಿಗೆ ಹಾಕಲು ಬಂದವರಿಗೆ, “ನಾನು ಈಗ್ಲೇ ಹೊರಡ್ಬೇಕು,” ಎಂದ.

“ಇದೇನ್ ಅಜ್ಜಾರೆ, ಎಲೆ ಹಾಕಿದೀವಿ!”

“ಹೊರಡ್ಬೇಕು,” ಎಂದು ಮೆಟ್ಟು ಮೆಟ್ಟಿದ. ಯಾಕೆಂದು ಹೇಳಲು ಬಾಯಿ ಬರಲಿಲ್ಲ. ಹಾಕಿದ ಎಲೆ ಬಿಟ್ಟು ಎದ್ದುಹೋದದ್ದನ್ನು ಕುಣಿಗಲ್ಲಿನವರು ವೈರಾಗ್ಯವೆಂದು ತಿಳಿದರು.

ಮಧ್ಯಾಹ್ನದೊಳಗೆ ತುಮಕೂರು, ಮರುದಿನ ಬೆಂಗಳೂರಿನ ಆಸ್ಪತ್ರೆ. ಆಪರೇಷನ್ ಆಯಿತು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲುಗದ ಹಾಗೆ ಆಚೆ ಈಚೆ ಮರಳಿನ ಚೀಲ ಇಟ್ಟು ಮೂರು ವಾರ ಅಂಗಾತ ಮಲಗಿಸಿದರು. ಕೆಮ್ಮಬಾರದು, ಸೀನಬಾರದು. ಕರಿಬಸಮ್ಮ ಚಮಚದಲ್ಲಿ ಗಂಜಿ ಹಾಕುತ್ತಾ, “ಈಗ ಸಿಕ್ತು ನೋಡಿ ನಿಮಗೆ ಏಕಾಗ್ರತೆ,” ಎಂದಳು. ನಗಬಾರದೆಂದು ಡಾಕ್ಟರು ಹೇಳಿದ್ದರು. ನಗು ಬರಲೂ ಇಲ್ಲ.

ಪಟ್ಟಿ ಬಿಚ್ಚಿದಾಗ ಕಿಟಕಿ ಕಂಡಿತು. ಕಿಟಕಿಯ ಮುಂದೆ ಹೆಂಡತಿಯ ಆಕಾರ ಕಂಡಿತು, ಮುಖ ಕಾಣಲಿಲ್ಲ. ಆರು ತಿಂಗಳಲ್ಲಿ ಆಕಾರ ಅಳಿಸಿತು, ವರ್ಷ ತುಂಬುವಷ್ಟರಲ್ಲಿ ಕಿಟಕಿಯೂ ಹೋಯಿತು. “ನೀವು ಸರಿಯಾದ ಹೊತ್ತಿಗೇ ಬಂದ್ರಿ,” ಎಂದರು ವೆಂಕಟೇಶಯ್ಯನವರು. “ಹೀಗೆ ಬಂದವರಲ್ಲಿ ಕೆಲವರದ್ದು ಉಳಿಯುತ್ತೆ. ನಿಮ್ಮದು ನಿಲ್ಲಲಿಲ್ಲ.” ಅದಕ್ಕೂ ಅಡವಿಯಪ್ಪ “ಹೌದೌದು” ಎಂದ.

ಈಗ ಅಂಗಡಿಯನ್ನು ಕರಿಬಸಮ್ಮ ನೋಡಿಕೊಳ್ಳುತ್ತಿದ್ದಳು. ಅವನು ಮೂಲೆಯಲ್ಲಿ ಕೂತು ಕೈಯಂದಾಜಿನಲ್ಲೇ ಶಿವದಾರಕ್ಕೆ ಗಂಟು ಹಾಕುತ್ತಿದ್ದ. ಎರಡು ಕಣ್ಣೂ ಹೋದ ಮೇಲೆ ಅವನ ಹೆಸರು ಇನ್ನಷ್ಟು ದೊಡ್ಡದಾಗಿತ್ತು.

೧೯೬೪ರ ಒಂದು ಬೆಳಗ್ಗೆ ಸದಾಶಿವಯ್ಯ ಏದುಸಿರು ಬಿಡುತ್ತಾ ಬಂದು ಅವನ ಕಾಲ ಬಳಿ ಕೂತ. ಎಣ್ಣೆಯ ವಾಸನೆಯಿಂದಲೇ ಅಡವಿಯಪ್ಪನಿಗೆ ಯಾರೆಂದು ಗೊತ್ತಾಯಿತು.

“ಅಡವಿಯಪ್ಪನೋರೆ, ನಂಗೂ ಆಯ್ತು! ಮೊನ್ನೆ ಪೂಜೇಲಿ ಫಳ್ ಅಂತು. ಇವತ್ತು ಮಾಯೆ ಉದುರೋಕೂ ಶುರುವಾಗ್ಯದೆ!”

ಅಡವಿಯಪ್ಪನ ಕೈಯಿಂದ ದಾರ ಜಾರಿತು. “ಸದಾಶಿವ, ಅದು ಕಾಯಿಲೆ ಕಣೋ. ನಂದೂ ಕಾಯಿಲೇನೇ. ಎಮ್ಮೆ ನೋಡ್ದಾಗ್ಲೂ ಮಿಂಚ್ತಿತ್ತು, ನಾನು ಸುಳ್ಳು ಹೇಳ್ದೆ. ಈಗ್ಲೇ ತುಮಕೂರಿಗೆ ಹೊರಡು, ನಿನ್ ಕಾಲಿಗೆ ಬೀಳ್ತೀನಿ. ಮೂರ್ ದಿನ ಆಗೋಯ್ತು.”

ಅಷ್ಟು ಉದ್ದದ ಮಾತನ್ನು ಅವನು ಯಾವತ್ತೂ ಆಡಿದವನಲ್ಲ. ಸದಾಶಿವಯ್ಯ ಎದ್ದು ಪಂಚೆ ಕೊಡವಿದ್ದು ಕೇಳಿಸಿತು.

“ಇಷ್ಟು ವರ್ಷ ನೀನೊಬ್ನೇ ಬೆಳಕಿನವ್ನು ಅನ್ನಿಸ್ಕೊಂಡೆ,” ಎಂದ. ಬಹುವಚನ ಬಾಗಿಲಾಚೆಗೆ ಹೋಗಿತ್ತು. “ನಾನೇ ಊರೆಲ್ಲ ಸಾರಿ ನಿನ್ನ ದೊಡ್ಡೋನು ಮಾಡ್ದೆ. ಈಗ ಇನ್ನೊಬ್ನಿಗೆ ಕಂಡ್ರೆ ಅದು ಕಾಯಿಲೆ. ಅಲ್ವೇನ್ಲಾ ಅಡವಿ?”

ಅಡವಿಯಪ್ಪ ಹೌದೌದು ಎನ್ನಲಿಲ್ಲ. ಸದ್ದು ಬಂದ ಕಡೆಗೆ ಎರಡೂ ಕೈ ಚಾಚಿದ. ಆಗಲೇ ಹೆಜ್ಜೆಗಳು ಬೀದಿ ದಾಟುತ್ತಿದ್ದವು.

ಅರ್ಧ ಗಂಟೆ ಬಿಟ್ಟು ಅವನು ಕರಿಬಸಮ್ಮನನ್ನು ಸದಾಶಿವಯ್ಯನ ಮನೆಗೆ ಅಟ್ಟಿದ. ಅವನ ಹೆಂಡತಿಗಾದರೂ ಹೇಳಿ ಬಾ, ಹನ್ನೊಂದರ ಬಸ್ಸಿಗೆ ಹೊರಡಿಸು ಎಂದ. ಅವಳು ಹೋದಷ್ಟೇ ಬೇಗ ತಿರುಗಿ ಬಂದಳು.

“ಹೇಳಿದ್ಯೇನೇ?”

“ಎಲ್ಲಿ ಹೇಳ್ಲಿ? ಬಾಗ್ಲ ತುಂಬಾ ಚಪ್ಲಿ ಬಿದ್ದವೆ. ಒಳಗೆ ಕಾಲಿಡೋಕೆ ಜಾಗ ಇಲ್ಲ.”